ಹಳೆಯ ವೈನಿನ ಮೌಲ್ಯ: ಸ್ಪೇನಿನ ಲೇಬಲ್ ಕಲಿಸುವ ವ್ಯಾಪಾರ ಪಾಠ

ತೊಗರಿ ಕೊಳ್ಳುವ ವರ್ತಕನು ಮಾದರಿಯನ್ನು ಅಂಗೈಯಲ್ಲಿ ಹರಡಿ, ಕಾಳಿನ ಗಾತ್ರ, ತೇವ, ಹುಳುಕುಗಳನ್ನು ನೋಡಿ ಬೆಲೆ ಕಟ್ಟುತ್ತಾನೆ. ಬಿರಡೆ ಹಾಕಿದ ವೈನ್ ಬಾಟಲಿಯಲ್ಲಿ ಈ ಅನುಕೂಲವಿಲ್ಲ. ತೆರೆಯದೆ ಗುಣ ತಿಳಿಯದು. ತೆರೆದರೆ ಸರಕು ಮಾರಾಟಕ್ಕೆ ಉಳಿಯದು. ಆದುದರಿಂದ ಈ ವ್ಯಾಪಾರವು ಲೇಬಲ್ಲಿನ ಮೇಲಣ ವಿಶ್ವಾಸದಿಂದಲೇ ನಡೆಯಬೇಕಾಗಿದೆ. ಈ ವಿಶ್ವಾಸವನ್ನು ನಿಯಮದ ಮೂಲಕ ಕಟ್ಟಿದ ಉತ್ತಮ ನಿದರ್ಶನವೆಂದರೆ ಸ್ಪೇನಿನ ರಿಯೋಹಾ ಪ್ರಾಂತ್ಯದ ಕೆಂಪು ವೈನ್.

ವರ್ಷಗಳ ಲೆಕ್ಕ

ರಿಯೋಹಾದ ಕೆಂಪು ವೈನಿಗೆ ಮುಖ್ಯವಾಗಿ ಟೆಂಪ್ರನಿಲ್ಲೊ ತಳಿಯ ದ್ರಾಕ್ಷಿಯನ್ನು ಬಳಸುತ್ತಾರೆ. ‘ಕ್ರಿಯಾಂಸಾ’ ಎಂದು ಬರೆಯಬೇಕಾದರೆ ವೈನನ್ನು ಎರಡು ವರ್ಷ ಪಕ್ವಗೊಳಿಸಿರಬೇಕು. ಅದರಲ್ಲಿ ಕನಿಷ್ಠ ಒಂದು ವರ್ಷ ಓಕ್ ಮರದ ಪೀಪಾಯಿಯಲ್ಲಿ ಕಳೆದಿರಬೇಕು. ‘ರೆಸೆರ್ವಾ’ಕ್ಕೆ ಮೂರು ವರ್ಷ, ಅದರಲ್ಲಿ ಒಂದು ವರ್ಷ ಪೀಪಾಯಿ, ಆರು ತಿಂಗಳು ಬಾಟಲಿ. ‘ಗ್ರಾನ್ ರೆಸೆರ್ವಾ’ಕ್ಕೆ ಐದು ವರ್ಷ, ಅದರಲ್ಲಿ ಎರಡು ವರ್ಷ ಪೀಪಾಯಿ, ಎರಡು ವರ್ಷ ಬಾಟಲಿ. ಅನೇಕ ದೇಶಗಳಲ್ಲಿ ‘ರಿಸರ್ವ್’ ಎಂಬ ಪದಕ್ಕೆ ಇಂತಹ ಕಾನೂನಿನ ಕಟ್ಟುಪಾಡಿಲ್ಲ. ಅಲ್ಲಿ ಅದು ಕೇವಲ ಮಾರಾಟದ ಮಾತು.

ಪೀಪಾಯಿಯ ಅಳತೆ 225 ಲೀಟರ್, ಅಂದರೆ 750 ಮಿಲಿಲೀಟರಿನ 300 ಬಾಟಲಿಗಳು. ಸಾವಿರಾರು ಪೀಪಾಯಿಗಳಲ್ಲಿ ಬಂಡವಾಳವು ವರ್ಷಗಟ್ಟಲೆ ನಿಂತಿರುತ್ತದೆ. ದಾಸ್ತಾನಿನ ಬಡ್ಡಿ, ಜಾಗ, ಆವಿಯಾಗಿ ಕಡಿಮೆಯಾಗುವ ಪ್ರಮಾಣ, ಎಲ್ಲವನ್ನೂ ಉತ್ಪಾದಕನೇ ಹೊರುತ್ತಾನೆ. ಉತ್ಪಾದನೆ ದೊಡ್ಡ ಪ್ರಮಾಣದಲ್ಲಿರುವುದರಿಂದಲೂ ಪೀಪಾಯಿಗಳನ್ನು ಹಲವು ವರ್ಷ ಬಳಸುವುದರಿಂದಲೂ ಈ ವೆಚ್ಚ ಹಂಚಿಹೋಗಿ, ಪಕ್ವಗೊಂಡ ವೈನ್ ಸಾಮಾನ್ಯ ಗ್ರಾಹಕನ ಕೈಗೂ ಎಟಕುತ್ತದೆ.

ರುಚಿ ನೋಡುವ ಕ್ರಮ

ಬಹುಕಾಲ ಇಟ್ಟ ಬಾಟಲಿಯನ್ನು ಒಂದು ದಿನ ನೇರವಾಗಿ ನಿಲ್ಲಿಸಿದರೆ ಗಷ್ಟು ತಳಕ್ಕಿಳಿಯುತ್ತದೆ. ಲೋಟವನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದರೆ, ಹಳೆಯ ವೈನಿನ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಬಳಿಕ ವಾಸನೆ: ಅಮೆರಿಕದ ಓಕ್ ಮರ ವೆನಿಲ್ಲಾ ಮತ್ತು ಕೊಬ್ಬರಿಯ ಪರಿಮಳ ಕೊಡುತ್ತದೆ, ಕಾಲ ಕಳೆದಂತೆ ಒಣಹಣ್ಣು, ತಂಬಾಕಿನೆಲೆ, ಚರ್ಮದ ವಾಸನೆ ಸೇರುತ್ತದೆ. ನಾಲಗೆಯ ಮೇಲೆ ಮುಖ್ಯವಾದುದು ಒಗರು. ಎಳೆಯ ವೈನಿನಲ್ಲಿ ಅಡಿಕೆಯಂತೆ ಬಾಯಿ ಹಿಡಿಯುವ ಒಗರು ಹಳೆಯದರಲ್ಲಿ ಮೃದುವಾಗಿರಬೇಕು. ಆದರೆ ಹುಳಿ ಉಳಿದಿರಬೇಕು. ಹುಳಿಯೂ ಇಲ್ಲದಿದ್ದರೆ ವೈನ್ ಸಪ್ಪೆಯಾಗಿದೆಯೆಂದು ತಿಳಿಯಬೇಕು. ಒದ್ದೆ ರಟ್ಟಿನ ವಾಸನೆ ಬಿರಡೆಯ ದೋಷ. ಕುದಿಸಿದ ಹಣ್ಣಿನ ಪಾಕದ ವಾಸನೆ ಬಿಸಿಲಿನ ಹಾನಿ.

ಈ ಕೊನೆಯ ದೋಷವು ನಮ್ಮ ಭಾಗಕ್ಕೆ ಹೆಚ್ಚು ಸಂಬಂಧಿಸಿದ್ದು. ಯಾದಗಿರಿ ಬಳಿಯ ರಾಮಸಮುದ್ರದಂತಹ ಊರುಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ. ಕೆಂಪು ವೈನನ್ನು ಬಡಿಸಬೇಕಾದ ಉಷ್ಣತೆ 16ರಿಂದ 18 ಡಿಗ್ರಿ. ತಗಡಿನ ಉಗ್ರಾಣದಲ್ಲಿ ಒಂದು ಬೇಸಿಗೆ ಇಟ್ಟರೆ ಐದು ವರ್ಷದ ಶ್ರಮ ವ್ಯರ್ಥವಾದೀತು. ಪರವಾನಗಿ ಪಡೆದು ಈ ವ್ಯವಹಾರಕ್ಕಿಳಿಯುವವರು ಮೊದಲು ತಂಪು ದಾಸ್ತಾನಿನ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸೂಕ್ತ.

ನಮಗೆ ಇದರಿಂದೇನು?

ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ನಂದಿ ಬೆಟ್ಟದ ಸುತ್ತಲೂ ಕೃಷ್ಣಾ ಕಣಿವೆಯಲ್ಲೂ ವೈನ್ ತಯಾರಿಕೆ ಬೆಳೆಯಿತು. ಇನ್ನೊಂದೆಡೆ 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಒಪ್ಪಂದದಂತೆ, ನಿಗದಿತ ಕನಿಷ್ಠ ಬೆಲೆಗೆ ಮೇಲ್ಪಟ್ಟ ಆಸ್ಟ್ರೇಲಿಯದ ವೈನಿನ ಮೇಲಣ ಶೇ. 150ರ ಆಮದು ಸುಂಕ ಹಂತಹಂತವಾಗಿ ಇಳಿಯತೊಡಗಿತು. ಸುಂಕದ ಗೋಡೆ ತಗ್ಗಿದಂತೆ ದೇಶೀಯ ಉತ್ಪಾದಕನಿಗೆ ಉಳಿಯುವ ಆಸರೆ ಗುಣಮಟ್ಟದ ಖಾತರಿಯೊಂದೇ.

ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಾಗ ನಮ್ಮ ಊರಿನ ಹೆಸರಿಗೆ ಬೆಲೆ ಬಂದಿತು. ಊರಿನ ಹೆಸರಿನ ಜೊತೆಗೆ ಪಕ್ವತೆಯ ಅವಧಿಯನ್ನೂ ನಿಯಮಕ್ಕೊಳಪಡಿಸಿದ್ದು ರಿಯೋಹಾದ ವೈಶಿಷ್ಟ್ಯ. ಬೇಳೆಯಾಗಲಿ, ಒಣದ್ರಾಕ್ಷಿಯಾಗಲಿ, ವೈನ್ ಆಗಲಿ, ಚೀಟಿಯ ಮೇಲಿನ ಮಾತನ್ನು ಪರೀಕ್ಷಿಸಿ ನೋಡಬಹುದಾದ ವ್ಯವಸ್ಥೆಯಿದ್ದಲ್ಲಿ ಅಪರಿಚಿತ ಗ್ರಾಹಕನೂ ಧೈರ್ಯದಿಂದ ಹಣ ಕೊಡುತ್ತಾನೆ. ನಮ್ಮ ಸಣ್ಣ ಉದ್ದಿಮೆದಾರರು ಸ್ಪೇನಿನಿಂದ ಪಡೆಯಬಹುದಾದ ಪಾಠವಿದು.