ಹಲ್ಲಿಗೆ ಕ್ಲಿಪ್: ಒಸಡಿನ ರಕ್ತ ಕಡೆಗಣಿಸದಿರಿ

ವಕ್ರದಂತಗಳನ್ನು ಸರಿಪಡಿಸಲು ಕ್ಲಿಪ್ ಹಾಕಿಸಿಕೊಂಡವರು ಕನ್ನಡಿಯಲ್ಲಿ ಗಮನಿಸುವುದು ಹಲ್ಲಿನ ಸಾಲನ್ನಷ್ಟೇ. ಒಸಡಿನತ್ತ ದೃಷ್ಟಿ ಹರಿಯುವುದು ರಕ್ತ ಒಸರಿದಾಗ. ಆಗಲೂ ‘ತಂತಿ ಬಿಗಿ ಮಾಡಿದ್ದರಿಂದ ಹೀಗಾಗಿದೆ’ ಎಂದು ಭಾವಿಸಿ, ಆ ಭಾಗವನ್ನು ಉಜ್ಜುವುದನ್ನೇ ಬಿಡುವವರುಂಟು. ಸಮಸ್ಯೆ ಉಲ್ಬಣಿಸುವುದು ಇಲ್ಲಿಂದಲೇ.

ರಕ್ತಸ್ರಾವಕ್ಕೆ ಸಾಮಾನ್ಯ ಕಾರಣ ತಂತಿಯಲ್ಲ. ಹಲ್ಲಿನ ಬುಡದಲ್ಲಿ ಶೇಖರಗೊಳ್ಳುವ, ಸೂಕ್ಷ್ಮಾಣುಗಳಿಂದ ಕೂಡಿದ ಅಂಟುಪದರ. ಇದೇ ಪ್ಲಾಕ್. 1965ರಲ್ಲಿ ಹೆರಾಲ್ಡ್ ಲೋ ಮತ್ತು ಸಹೋದ್ಯೋಗಿಗಳು ಡೆನ್ಮಾರ್ಕ್‌ನಲ್ಲಿ ನಡೆಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಆರೋಗ್ಯವಂತ ಒಸಡಿನ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದಾಗ 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಉರಿಯೂತಕ್ಕೊಳಗಾಯಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಗುಣವಾಯಿತು. ಕ್ಲಿಪ್‌ನ ಬ್ರಾಕೆಟ್, ತಂತಿಗಳ ಸಂದುಗಳಲ್ಲಿ ಆಹಾರದ ಕಣಗಳು ಸಿಲುಕುವುದರಿಂದ ಪ್ಲಾಕ್ ಇನ್ನೂ ಸುಲಭವಾಗಿ ಬೆಳೆಯುತ್ತದೆ. ಅದು ಗಟ್ಟಿಯಾಗಿ ಗಾರೆಯಂತಾದರೆ ಬ್ರಶ್‌ಗೆ ಜಗ್ಗದು.

ಅಪಾಯ ಎಲ್ಲಿದೆ?

ಕ್ಲಿಪ್ ಒತ್ತಡದಿಂದ ಹಲ್ಲು ಸರಿಯುವಾಗ ಒಂದು ಬದಿಯ ಮೂಳೆ ಕರಗಿ, ಇನ್ನೊಂದು ಬದಿಯಲ್ಲಿ ಹೊಸದಾಗಿ ಬೆಳೆಯುತ್ತದೆ. ಒಸಡು ಆರೋಗ್ಯವಾಗಿದ್ದರೆ ಈ ಕ್ರಿಯೆ ಸುಸೂತ್ರ. ಆದರೆ ಉರಿಯೂತ ಆಳಕ್ಕಿಳಿದಿದ್ದರೆ ಹಲ್ಲನ್ನು ಹಿಡಿದಿಟ್ಟ ಮೂಳೆಯೇ ಸವೆಯಬಹುದು. ಆರಂಭದ ಉರಿಯೂತ ಶುಚಿತ್ವದಿಂದ ವಾಸಿಯಾಗುತ್ತದೆ; ಸವೆದ ಮೂಳೆ ತಾನಾಗಿ ಮರಳದು. ಹದಿಹರೆಯದಲ್ಲಿ ಹಾರ್ಮೋನುಗಳ ಏರಿಳಿತದಿಂದ ಒಸಡು ಊದಿಕೊಳ್ಳುವ ಸಾಧ್ಯತೆ ಅಧಿಕ. ಮಧುಮೇಹಿಗಳು, ಗುಟ್ಕಾ ಮತ್ತಿತರ ತಂಬಾಕು ಸೇವಿಸುವವರು ವಿಶೇಷ ಎಚ್ಚರ ವಹಿಸಬೇಕು.

ಏನು ಮಾಡಬೇಕು?

* ಮೃದು ಎಳೆಗಳ ಬ್ರಶ್ಶನ್ನು ಒಸಡಿನಂಚಿಗೆ 45 ಡಿಗ್ರಿ ಕೋನದಲ್ಲಿ ಹಿಡಿದು, ತಂತಿಯ ಮೇಲೂ ಕೆಳಗೂ ಉಜ್ಜಬೇಕು. ಫ್ಲೋರೈಡ್ ಇರುವ ಪೇಸ್ಟ್ ಬಳಸಬೇಕು.
* ತಂತಿಯ ಅಡಿ ಹಾಗೂ ಹಲ್ಲುಗಳ ಸಂದಿಗೆ ಚಿಕ್ಕ ಇಂಟರ್‌ಡೆಂಟಲ್ ಬ್ರಶ್ ಉಪಯುಕ್ತ. ಪ್ರತಿ ಊಟದ ಬಳಿಕ ಬಾಯಿ ಮುಕ್ಕಳಿಸಬೇಕು. ರಾತ್ರಿ ಉಜ್ಜುವುದನ್ನು ತಪ್ಪಿಸಬಾರದು.
* ಚಕ್ಕುಲಿ, ನಿಪ್ಪಟ್ಟು, ಕಬ್ಬು ಬ್ರಾಕೆಟ್ ಕಳಚಬಲ್ಲವು. ಅಂಟುವ ಮಿಠಾಯಿಗಳು ಸಂದುಗಳಲ್ಲಿ ಉಳಿಯುತ್ತವೆ. ಇವುಗಳಿಂದ ದೂರವಿರುವುದು ಲೇಸು.
* ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಬೇಕು. ದೀರ್ಘ ಬಳಕೆಯಿಂದ ಹಲ್ಲಿನಲ್ಲಿ ಕಲೆ ಮೂಡುತ್ತದೆ.

ಚಿಕಿತ್ಸೆಯ ವೇಳೆ ಹಲ್ಲು ತುಸು ಅಲುಗಾಡುವುದು ಸಹಜ. ಆದರೆ ಒಸಡಿನಿಂದ ಕೀವು ಬರುವುದು, ಒಸಡು ಬ್ರಾಕೆಟ್ಟನ್ನು ಮುಚ್ಚುವಷ್ಟು ಊದಿಕೊಳ್ಳುವುದು ಅಥವಾ ಕೆಳಸರಿದು ಬೇರು ಕಾಣಿಸುವುದು ಸಹಜವಲ್ಲ. ಹಾಗಾದಲ್ಲಿ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ದಂತವೈದ್ಯರನ್ನು ಕಾಣಬೇಕು. ಚೆನ್ನಾಗಿ ಉಜ್ಜಿದರೂ ಎರಡು ವಾರಗಳಲ್ಲಿ ರಕ್ತಸ್ರಾವ ನಿಲ್ಲದಿದ್ದರೂ ಇದೇ ಕ್ರಮ ಅಗತ್ಯ.

ಕ್ಲಿಪ್ ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷಗಳದ್ದು. ಅಷ್ಟು ಕಾಲ, ಅಷ್ಟು ಹಣ ವ್ಯಯಿಸಿ ಗೋಡೆಯನ್ನು ನೇರಗೊಳಿಸುವವರು ಅಡಿಪಾಯವನ್ನು ಮರೆಯುವಂತಿಲ್ಲ.