ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ದಿನ: ಲೆಕ್ಕ ಏನು ಹೇಳುತ್ತದೆ?

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಉಡುಪಿ ಸೀಮೆಯಲ್ಲಿ ಬೇಸಿಗೆಗೆ ನೀರಿಲ್ಲವೆಂದರೆ ಹೊರಗಿನವರು ನಂಬಲಾರರು. ಆದರೆ ಕಾರ್ಕಳದ ಘಟ್ಟದಿಂದ ಇಳಿದ ನೀರು ಬೇಗನೆ ಕಡಲು ಸೇರುತ್ತದೆ. ಅದನ್ನು ತಡೆದು ಸುಗ್ಗಿ, ಕೊಳಕೆ ಬೆಳೆಗೂ ತೋಟಕ್ಕೂ ಒದಗಿಸುವುದು ಕಿಂಡಿ ಅಣೆಕಟ್ಟು. ಕಾಪುವಿನಂತಹ ಕಡಲಂಚಿನಲ್ಲಿ ಇದು ಉಪ್ಪುನೀರನ್ನೂ ತಡೆಯಬೇಕು.

ಹಲಗೆ ಬೇಗ ಹಾಕಿದರೆ ಹಿಂಗಾರಿನ ನೆರೆ ಬಂದು ದಂಡೆ ಕೊಚ್ಚೀತು. ತಡವಾದರೆ ಹೊಳೆಯ ಹರಿವೇ ಇಳಿದಿರುತ್ತದೆ. ಇಂತಹ ಇಕ್ಕಟ್ಟನ್ನು ಲೆಕ್ಕದಿಂದ ಬಿಡಿಸುವ ಶಾಸ್ತ್ರಕ್ಕೆ ‘ಆಪರೇಷನ್ಸ್ ರಿಸರ್ಚ್’ ಎಂದು ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬೆಳೆದ ಈ ವಿದ್ಯೆಯನ್ನು ನಮ್ಮಲ್ಲಿ ಪ್ರೊ. ಮಹಾಲನೋಬಿಸ್ ಅವರು 1956ರಲ್ಲಿ ಆರಂಭವಾದ ಎರಡನೆಯ ಪಂಚವಾರ್ಷಿಕ ಯೋಜನೆಗೆ ಬಳಸಿದರು.

ಒಂದು ಕಲ್ಪಿತ ಉದಾಹರಣೆ ನೋಡೋಣ. ನೆರೆ ಬಂದರೆ ನಷ್ಟ 2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಹಿಂದಿನ 20 ವರ್ಷಗಳ ದಾಖಲೆಯಂತೆ ನವೆಂಬರ್ 1ರ ಬಳಿಕ 7 ವರ್ಷ, 15ರ ಬಳಿಕ 2 ವರ್ಷ ನೆರೆ ಬಂದಿದೆ. ಡಿಸೆಂಬರ್ 1ರ ಬಳಿಕ ಬಂದಿಲ್ಲ. ಆಗ ನವೆಂಬರ್ 1ರಂದು ಹಲಗೆ ಹಾಕಿದರೆ ವರ್ಷಕ್ಕೆ ಸರಾಸರಿ ನಷ್ಟ 70,000 ರೂ. ನವೆಂಬರ್ 15ಕ್ಕೆ ನೆರೆಯ ನಷ್ಟ 20,000. ಅಷ್ಟರಲ್ಲಿ ಹರಿದುಹೋದ ನೀರಿನ ಬೆಲೆ 20,000 ಎಂದರೆ ಒಟ್ಟು 40,000. ಡಿಸೆಂಬರ್ 1ಕ್ಕೆ ನೆರೆಯ ಭಯವಿಲ್ಲ, ಆದರೆ ಹೋದ ನೀರಿನ ಬೆಲೆ 50,000. ಆದ್ದರಿಂದ ನವೆಂಬರ್ 15 ಮೇಲು.

ಈಗ ದಂಡೆಯ ರಿಪೇರಿಯ ಜೊತೆಗೆ ಪಕ್ಕದ ಬಾಳೆತೋಟ ಹೋದದ್ದನ್ನೂ ಸೇರಿಸಿ, ನೆರೆಯ ನಷ್ಟವನ್ನು 4 ಲಕ್ಷ ಮಾಡಿ. ನವೆಂಬರ್ 15ರ ಮೊತ್ತ 60,000ಕ್ಕೆ ಏರುತ್ತದೆ. ಡಿಸೆಂಬರ್ 1 ಗೆಲ್ಲುತ್ತದೆ! ಸೂತ್ರ ಬದಲಾಗಿಲ್ಲ, ಯಾರ ನಷ್ಟವನ್ನು ಎಣಿಸಿದರು ಎಂಬುದಷ್ಟೇ ಬದಲಾಗಿದೆ. ಲೆಕ್ಕದವರು ಕಚೇರಿಯಲ್ಲೇ ಕುಳಿತರೆ ಈ ತೋಟ ಅವರ ಕಾಗದಕ್ಕೆ ಬಾರದು.

ಸ್ವರ್ಣಾ ನದಿಯಲ್ಲಿ ಈ ಸಂಗತಿ ಇನ್ನೂ ತೊಡಕಿನದು. ಉಡುಪಿ, ಮಣಿಪಾಲಗಳಿಗೆ ಕುಡಿಯುವ ನೀರು ಕೊಡುವ ಬಜೆ ಅಣೆಕಟ್ಟು ಅದರ ಮೇಲಿದೆ. ದಂಡೆಯುದ್ದಕ್ಕೂ ಕೃಷಿಕರ ಪಂಪುಗಳಿವೆ. 2019ರ ಬೇಸಿಗೆಯಲ್ಲಿ ಬಜೆಯ ನೀರು ತಳ ಕಂಡು, ನಗರದಲ್ಲಿ ಸರದಿಯಂತೆ ನೀರು ಬಿಡಬೇಕಾಯಿತು. ಕುಡಿಯುವ ನೀರಿಗೆ ಮೊದಲ ಸ್ಥಾನ ಸರಿಯೇ. ಆದರೆ ಟ್ಯಾಂಕರಿನ ಖರ್ಚನ್ನು ಬರೆದಂತೆ ಒಣಗಿದ ಅಡಿಕೆ ಮರವನ್ನೂ ಬರೆಯಬೇಕು. ಹೊಸ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕಲ್ಲವೇ? ಏಪ್ರಿಲಿನಲ್ಲಿ ಪಂಪು ನಿಲ್ಲಿಸುವುದಾದರೆ ಆ ಮಾತು ಡಿಸೆಂಬರಿನಲ್ಲೇ ತಿಳಿಯಬೇಕು. ಆಗ ಕೊಳಕೆ ಬತ್ತದ ಬದಲು ಉದ್ದು ಬಿತ್ತಬಹುದು.

ಹಲಗೆ ಹಾಕಿದ ದಿನ, ಕೊನೆಯ ನೆರೆಯ ದಿನ, ವಾರಕ್ಕೊಮ್ಮೆ ಬಾವಿಯ ಮಟ್ಟ, ಆದ ನಷ್ಟ ಇವನ್ನು ಊರಿನ ಒಬ್ಬರು ಪುಸ್ತಕದಲ್ಲಿ ಬರೆದಿಡಿ. ಗ್ರಾಮಸಭೆಗೆ ಸಣ್ಣ ನೀರಾವರಿ ಇಲಾಖೆಯವರು ಬಂದಾಗ ಆ ಪುಸ್ತಕವನ್ನು ಮುಂದಿಡಿ.