ಕೀಲಿಮಣೆಯನ್ನು ನಾವೇ ತಿದ್ದಬಹುದೇ?

ಪ್ರಶ್ನೆ: ಲಿನಕ್ಸ್‌ನಲ್ಲಿ ಕನ್ನಡ ಕೀಲಿಮಣೆಯನ್ನು ನಮಗೆ ಬೇಕಾದಂತೆ ಬದಲಿಸಬಹುದೇ? ಕಂಪ್ಯೂಟರ್ ಕೆಡುವುದಿಲ್ಲವೇ?
– ಓದುಗರು, ಗಾವಡಗೆರೆ, ಹುಣಸೂರು ತಾಲ್ಲೂಕು

ಉತ್ತರ: ಖಂಡಿತ ಬದಲಿಸಬಹುದು. ಯಾರ ಅಪ್ಪಣೆಯೂ ಬೇಡ, ಈ ತಂತ್ರಾಂಶದ ಲೈಸೆನ್ಸೇ ಆ ಹಕ್ಕು ಕೊಟ್ಟಿದೆ. ಲಿನಕ್ಸ್‌ನಲ್ಲಿ ಭಾರತೀಯ ಭಾಷೆಗಳ ಕೀಲಿಮಣೆಗಳು ಒಂದು ಸಾದಾ ಪಠ್ಯ ಕಡತದಲ್ಲಿವೆ. ಅಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಮಾದರಿಯ ವಿನ್ಯಾಸ ಒಂದು, ಕೆ.ಪಿ. ರಾವ್ ಅವರ ವಿನ್ಯಾಸದ ಜಾಡಿನಲ್ಲಿ ಬೆಳೆದ, ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ‘ಕಗಪ’ ಇನ್ನೊಂದು. ‘ನುಡಿ’ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಕಗಪ ಹೊಸದೇನಲ್ಲ. ಒಂದೊಂದು ಕೀಲಿಗೂ ಒಂದೊಂದು ಸಾಲು, ಅದರಲ್ಲಿ ಅಕ್ಷರಗಳ ಯೂನಿಕೋಡ್ ಸಂಖ್ಯೆ: ‘ಕ’ಗೆ 0ಸಿ95, ಶಿಫ್ಟ್ ಒತ್ತಿದರೆ ಬರುವ ‘ಖ’ಗೆ 0ಸಿ96. ಸಂಖ್ಯೆ ತಿದ್ದಿ, ಲಾಗ್‌ಔಟ್ ಆಗಿ ಮತ್ತೆ ಒಳಬಂದರೆ ಕೀಲಿ ಹೊಸ ಅಕ್ಷರ ಮೂಡಿಸುತ್ತದೆ. ನಾವೇ ತಿದ್ದಿದ ಅಕ್ಷರ ಪರದೆಯ ಮೇಲೆ ಕಂಡಾಗಿನ ಖುಷಿ ದೊಡ್ಡದು. ಪ್ರೋಗ್ರಾಮಿಂಗ್ ಕಲಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ತೋರದು.

ಯಂತ್ರ ಕೆಡುವುದಿಲ್ಲ. ತಿದ್ದುವಾಗ ಕಡತದಲ್ಲಿ ಒಂದು ಆವರಣ ಚಿಹ್ನೆ ಬಿಟ್ಟುಹೋದರೂ ವಿನ್ಯಾಸ ಕೆಲಸ ನಿಲ್ಲಿಸೀತು, ಅಷ್ಟೇ. ಮೊದಲೇ ಕಡತದ ಪ್ರತಿ ತೆಗೆದಿಟ್ಟುಕೊಳ್ಳಿ. ಅದನ್ನು ಮರಳಿ ಹಾಕಿದರೆ ಸರಿಹೋಗುತ್ತದೆ. ತಿದ್ದಿದ ಪ್ರತಿಯನ್ನೂ ಬೇರೆಡೆ ಇಡಿ, ಅಪ್‌ಡೇಟ್ ಬಂದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗಬಹುದು.